ಸಾರಿನಿಂದ ಉಪ್ಪು ತೆಗೆದವನು

"ಗುರುವೇ, ಸಿಟ್ಟು ಹೋಗಲು ಇನ್ನೊಂದು ವ್ರತ ಹೇಳಿ" ಎಂದು ಶಿಷ್ಯ ಚೆನ್ನವೀರ ಕೇಳಿದ.

"ಈಗಾಗಲೇ ಏನೇನು ಹಿಡಿದಿದ್ದೀಯ?" ಎಂದರು ಗುರುಗಳು.

ಚೆನ್ನವೀರ ಹೇಳಿದ. ಮೊದಲು ಸೋಮವಾರದ ಉಪವಾಸ ಹಿಡಿದ. ಹಸಿವಿಗೆ ಸಿಟ್ಟು ಬಂತು. ಅದಕ್ಕೆ ಗುರುವಾರದ ಮೌನ ಸೇರಿಸಿದ. ಮೌನದ ದಿನವೇ ಎಲ್ಲರೂ ಬಂದು ಮಾತಾಡಿಸಿದರು. ಅದಕ್ಕೂ ಸಿಟ್ಟು ಬಂತು. ಆಗ ಮಂಚ ಬಿಟ್ಟು ಚಾಪೆ ಹಿಡಿದ. ಚಾಪೆಯಲ್ಲಿ ನಿದ್ದೆ ಬರಲಿಲ್ಲ; ನಿದ್ದೆಗೆಟ್ಟವನಿಗೆ ಸಿಟ್ಟು ಬಾರದೆ ಇರುತ್ತದೆಯೇ? ಅದಕ್ಕೆ ಜಪ ಸೇರಿಸಿದ. ಮೊನ್ನೆ ಜಪದ ನಡುವೆ ಯಾರೋ ಕೆಮ್ಮಿದರು. ಚೆನ್ನವೀರ ಜಪಮಾಲೆಯನ್ನೇ ಅವರ ಮೇಲೆ ಬೀಸಿದ. ಮಣಿಗಳು ಅಂಗಳವೆಲ್ಲ ಉರುಳಿದವು. ಇನ್ನೊಮ್ಮೆ ಹೀಗಾದರೆ ಗಂಟು ಕಟ್ಟಿಕೊಂಡು ಹೊರಡು ಎಂದು ಮಠದ ಹಿರಿಯರು ಹೇಳಿದ್ದರು.

ಗುರುಗಳು ಕೇಳಿಸಿಕೊಂಡರು. ಆಮೇಲೆ, "ಒಬ್ಬ ಅಡುಗೆಯವನಿದ್ದ" ಎಂದರು.

"ಹೋದ ವರ್ಷ ಇದೇ ಕತೆಯಲ್ಲಿ ಅವನು ದರ್ಜಿಯಾಗಿದ್ದ, ಗುರುವೇ."

"ಹೋದ ವರ್ಷ ಕೇಳಿದವನು ದರ್ಜಿ. ಇವತ್ತು ನೀನು ಉಪವಾಸದಲ್ಲಿದ್ದೀಯ. ಅದಕ್ಕೇ ಅಡುಗೆಯವ. ಸುಮ್ಮನೆ ಕೇಳು."

ಹೀಗೆಂದು ಗುರುಗಳು ಕತೆ ಹೇಳಿದರು.

ಅಡುಗೆಯವ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ. ಅವನ ಸಾರಿಗೆ ದೊಡ್ಡ ಹೆಸರು. ಅವನ ಸಾರು ಉಂಡ ಒಬ್ಬ ಮೂಗ ಮಾತಾಡಿದನಂತೆ. ಏನು ಮಾತಾಡಿದ ಎಂದು ಕೇಳಬೇಡ. "ಇನ್ನೊಂದು ಸೌಟು" ಎಂದನಂತೆ. ಇದನ್ನು ನಾನು ಕಣ್ಣಾರೆ ನೋಡಿಲ್ಲ, ಆದರೆ ನೋಡಿದವರಿಗಿಂತ ಚೆನ್ನಾಗಿ ಹೇಳಬಲ್ಲೆ.

ಅವನ ವಿದ್ಯೆಯಲ್ಲಿ ಒಂದು ಕಟ್ಟಳೆಯಿತ್ತು. ಅವನ ಗುರುವಿಗೂ ಅದೇ, ಗುರುವಿನ ಗುರುವಿಗೂ ಅದೇ. ಕೊಪ್ಪರಿಗೆಗೆ ಹಾಕಿದ್ದನ್ನು ತೆಗೆಯಲಾಗದು. ಉಪ್ಪು ಹೆಚ್ಚಾಯಿತೇ? ನೀರು ಹಾಕು. ನೀರು ಹೆಚ್ಚಾಯಿತೇ? ಬೇಳೆ ಹಾಕು. ಹುಳಿ ಮುಂದಾಯಿತೇ? ಬೆಲ್ಲ ಹಾಕು. ಬೆಲ್ಲ ಮುಂದಾಯಿತೇ? ಖಾರ ಹಾಕು. ಚೆಲ್ಲುವ ಮಾತಿಲ್ಲ, ತೆಗೆಯುವ ದಾರಿಯಿಲ್ಲ. ಏನು ತಪ್ಪಾದರೂ ಇನ್ನೊಂದನ್ನು ಸೇರಿಸಿಯೇ ಸರಿ ಮಾಡಬೇಕು. ಅವನು ಹಾಗೇ ಸರಿ ಮಾಡುತ್ತಿದ್ದ. ಅದಕ್ಕೇ ಅವನ ಪಂಕ್ತಿಯಲ್ಲಿ ಸಾರು ಎಂದೂ ಕಡಿಮೆ ಬಿದ್ದದ್ದಿಲ್ಲ.

ಅವನಿಗೆ ಒಬ್ಬ ತಂಗಿ. ತಂಗಿಗೆ ಒಬ್ಬ ಮಗಳು. ಹುಡುಗಿ ಹುಟ್ಟಿದಾಗ ಅಡುಗೆಯವ ತೊಟ್ಟಿಲ ಮುಂದೆ ನಿಂತು, "ಇವಳ ಮದುವೆಯ ಒಲೆ ನನ್ನದು" ಎಂದಿದ್ದ. ಸೋದರಮಾವನ ಮಾತು. ಹುಡುಗಿ ಬೆಳೆದಳು, ಮದುವೆ ಗೊತ್ತಾಯಿತು. ಗಂಡಿನ ತಂದೆ ಪೇಟೆಯ ಮನುಷ್ಯ. ತಲೆಗೆ ಬಿಳಿ ಟೋಪಿ, ಕೈಗೆ ಬಿಳಿ ಗವಸು ಹಾಕಿಕೊಂಡು ಬಡಿಸುವ ಕ್ಯಾಟರಿಂಗ್‌ನವರನ್ನು ಆತ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದ. ನೇರವಾಗಿ ಹೇಳಲು ಸಂಕೋಚ. ಹಾಗಾಗಿ ನಯವಾಗಿ ಕೇಳಿದ.

"ನಿಮ್ಮದೊಂದು ವೆಬ್‌ಸೈಟ್ ಇದ್ದರೆ ಕಳಿಸಿ ಬೀಗರೇ. ಹುಣ್ಣಿಮೆಯ ದಿನ ಮನೆಯವರೆಲ್ಲ ಕೂತು ನೋಡ್ತೀವಿ. ಆಮೇಲೆ ಊಟ ಯಾರದು ಅಂತ ತೀರ್ಮಾನ ಮಾಡೋಣ."

"ಇರದೆ ಏನು!" ಎಂದ ಅಡುಗೆಯವ.

ಇರಲಿಲ್ಲ. ವೆಬ್‌ಸೈಟ್ ಎಂಬುದನ್ನು ಒಲೆಯ ಮೇಲೆ ಇಡುತ್ತಾರೋ ಕೆಳಗೆ ಇಡುತ್ತಾರೋ ಅವನಿಗೆ ಗೊತ್ತಿರಲಿಲ್ಲ. ಆದರೆ ಅಡುಗೆಯವನು ಯಾವುದನ್ನೂ ಬರುವುದಿಲ್ಲ ಎಂದವನಲ್ಲ. ಬೆಂದರೆ ಬಂತು, ಬೇಯದಿದ್ದರೆ ಇನ್ನೊಂದಿಷ್ಟು ಉರಿ ಎನ್ನುವ ಧೈರ್ಯ.

ಅವನು ಅಡುಗೆ ಮಾಡುತ್ತಿದ್ದ ಕಲ್ಯಾಣ ಮಂಟಪದ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಮ್ಯಾನೇಜರ್ ಅವನ ಸಾರಿನ ಋಣದಲ್ಲಿದ್ದ. ಕುರ್ಚಿ ಬಿಟ್ಟುಕೊಟ್ಟ. ಬಿಟ್ಟಿಯಾಗಿ ವೆಬ್‌ಸೈಟ್ ಇಟ್ಟುಕೊಳ್ಳಲು ಜಾಗ ಕೊಡುವ ಕಂಪನಿಯೊಂದನ್ನೂ ತೋರಿಸಿದ. ಅಡುಗೆಯವನಿಗೆ ಇದು ಬಹಳ ಹಿಡಿಸಿತು. ಅವನ ಜನ್ಮವೆಲ್ಲ ಪರರ ಹಿತ್ತಲಲ್ಲಿ ಒಲೆ ಹೂಡಿಯೇ ಕಳೆದಿತ್ತು. ಇದೂ ಒಂದು ಹಿತ್ತಲು.

ಮೊದಲಿಗೆ ಅವನು ತನ್ನ ಪಟ ಹಾಕಿದ. ಶಾಲು ಹೊದ್ದು, ಪೇಟ ಸುತ್ತಿ, ಕೈಯಲ್ಲಿ ಸೌಟು ಹಿಡಿದ ಪಟ. ಅದು ಒಂದು ಸಂಘದವರು ಸನ್ಮಾನ ಮಾಡಿದಾಗಿನದು. ಬಹಳ ಉದಾರ ಸಂಘ. ಶಾಲು ತಂದುಕೊಟ್ಟವರಿಗೆಲ್ಲ ಹೊದಿಸಿ ಕಳಿಸುತ್ತಿತ್ತು. ಪಟದ ಎರಡು ಪಕ್ಕದಲ್ಲೂ ಸಂಘದ ಪದಾಧಿಕಾರಿಗಳು ಸಾಲಾಗಿ ನಿಂತಿದ್ದರು. ಒಬ್ಬರನ್ನು ಬಿಟ್ಟರೂ ಬೇಸರವಾದೀತು ಎಂದು ಪಟವನ್ನು ಆ ದೊಡ್ಡ ಕಂಪ್ಯೂಟರಿನ ಈ ಅಂಚಿನಿಂದ ಆ ಅಂಚಿನವರೆಗೆ ಹಾಸಿದ. ಅದರ ಕೆಳಗೆ ಹೆಸರು, ಫೋನ್ ನಂಬರು, ಮಾಡುವ ಅಡುಗೆಗಳು. ಕೋಸಂಬರಿ, ಪಲ್ಯ, ಸಾರು, ಹೋಳಿಗೆ, ಪಾಯಸ.

ಎದ್ದು ನಿಂತು ನೋಡಿದ. ಮದುವೆ ಚಪ್ಪರದ ಹಾಗೆ ಕಂಡಿತು. "ಯಾರು ಮಾಡಿದ್ದು ಹೇಳಿ" ಎಂದು ಮ್ಯಾನೇಜರನನ್ನು ಕೇಳಿ, ಉತ್ತರಕ್ಕೆ ಕಾಯದೆ ತಂಗಿಯ ಮನೆಗೆ ಹೋದ.

ತಂಗಿ ಅದನ್ನು ತನ್ನ ಫೋನಿನಲ್ಲಿ ತೆರೆದಳು. ಫೋನನ್ನು ಒಮ್ಮೆ ದೂರ ಹಿಡಿದಳು, ಒಮ್ಮೆ ಹತ್ತಿರ ಹಿಡಿದಳು.

"ಅಣ್ಣ, ಇದರಲ್ಲಿ ಯಾರದೋ ಮೊಣಕೈ ಕಾಣ್ತಿದೆ."

"ಅದು ಖಜಾಂಚಿಯವರದು. ಪಕ್ಕಕ್ಕೆ ಸರಿಸು, ನಾನು ಬರ್ತೀನಿ."

ಸರಿಸಿದಳು. ಅವನು ಬಂದ, ಅಡುಗೆಯ ಹೆಸರುಗಳು ಹೋದವು. ಈ ಕಡೆ ಸರಿಸಿದಳು. ಹೆಸರುಗಳು ಬಂದವು, ಅವನು ಹೋದ. ಅಷ್ಟೇ ಅಲ್ಲ, ಆ ಅಗಲ ಪಟದ ಒತ್ತಡಕ್ಕೆ ಅಕ್ಷರಗಳು ಮೂಲೆಗೆ ಸೇರಿ ಒಂದರ ಕೆಳಗೊಂದು ಇಳಿದಿದ್ದವು. ಹೋಳಿಗೆ ಮೂರು ತುಂಡಾಗಿತ್ತು. ಎಲ್ಲಕ್ಕಿಂತ ಮೇಲೆ, ಅವನ ಪೇಟಕ್ಕೂ ಮೇಲೆ, ಬಿಟ್ಟಿ ಜಾಗ ಕೊಟ್ಟ ಕಂಪನಿಯ ಜಾಹೀರಾತು ಕೂತಿತ್ತು. ಹೊಟ್ಟೆ ಉಬ್ಬರಕ್ಕೆ ಒಂದೇ ಚಮಚ ಪುಡಿ ಎಂದು ಬರೆದಿತ್ತು.

"ಊಟಕ್ಕೆ ಮುಂಚೆಯೇ ಔಷಧಿ ಕೊಡ್ತೀಯಲ್ಲ ಅಣ್ಣ, ದೊಡ್ಡ ಮನಸ್ಸು ನಿನ್ನದು" ಎಂದಳು ತಂಗಿ.

ಅಡುಗೆಯವ ನಕ್ಕ. ಅವನಿಗೆ ಗಾಬರಿಯಾಗಲಿಲ್ಲ. "ಸ್ವಲ್ಪ ಹದ ತಪ್ಪಿದೆ, ಸರಿ ಮಾಡ್ತೀನಿ" ಎಂದ. ಹದ ತಪ್ಪಿದರೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ.

ಅಕ್ಷರಗಳು ಎಡಕ್ಕೆ ಸರಿದಿದ್ದವು. ಅವನ್ನು ಬಲಕ್ಕೆ ತಳ್ಳಲು ಅವುಗಳ ಮುಂದೆ ಚುಕ್ಕಿಗಳನ್ನು ಇಟ್ಟ. ಚುಕ್ಕಿ ಕಾಣಬಾರದಲ್ಲ, ಬಿಳಿಯ ಪುಟದ ಮೇಲೆ ಬಿಳಿಯ ಚುಕ್ಕಿ ಇಟ್ಟ. ಕಂಪ್ಯೂಟರಿನಲ್ಲಿ ಅಕ್ಷರಗಳು ಚಂದವಾಗಿ ಕೂತವು. ಜಾಹೀರಾತು ಪಟವನ್ನು ಕೆಳಗೆ ತಳ್ಳಿತ್ತು. ಮೇಲೂ ಕೆಳಗೂ ಸಮನಾಗಲೆಂದು ಪಟದ ಕೆಳಗೂ ಚುಕ್ಕಿ ಇಟ್ಟ. ಮರುದಿನ ಕಂಪನಿಯವರು ಇನ್ನೊಂದು ಜಾಹೀರಾತು ಹಾಕಿದರು. ಅದು ಮೊದಲಿನದಕ್ಕಿಂತ ಗಿಡ್ಡ. ಎಲ್ಲವೂ ಮೇಲೆ ಸರಿಯಿತು. ಅವನು ಮತ್ತಷ್ಟು ಚುಕ್ಕಿ ಇಟ್ಟ. ಅದರ ಮರುದಿನ ಉದ್ದದ್ದು ಬಂತು. ಎಲ್ಲವೂ ಕೆಳಗೆ ಸರಿಯಿತು. ಆಗಲೂ ಚುಕ್ಕಿ ಇಟ್ಟ. ಎಡಗಡೆ ಭಾರವಾಯಿತು ಎನಿಸಿದಾಗ ಬಲಗಡೆ ಹೋಳಿಗೆಯ ಪಟ ಹಾಕಿದ. ಬಲಗಡೆ ಭಾರವಾದಾಗ ಎಡಗಡೆ ಪಾಯಸದ ಪಟ. ಎರಡರ ನಡುವೆ ಸಂದು ಬಿತ್ತು. ಸಂದಿಗೆ ಗಣಪತಿ. ಕೊನೆಗೆ ಎಲ್ಲದರ ಮೇಲೆ ಕೆಂಪು ಅಕ್ಷರದಲ್ಲಿ, "ದಯವಿಟ್ಟು ಫೋನನ್ನು ಅಡ್ಡ ಹಿಡಿದು ನೋಡಿ" ಎಂದು ಬರೆದ.

ಮತ್ತೆ ತಂಗಿಯ ಮನೆಗೆ ಹೋದ. ತಂಗಿಯ ಫೋನು ಕಣ್ಣಿಗೆ ತಂಪಾಗಲೆಂದು ಬಿಳಿಯನ್ನು ಕಪ್ಪು ಮಾಡಿ, ಕಪ್ಪನ್ನು ಬಿಳಿ ಮಾಡಿ ತೋರಿಸುವ ಫೋನು. ಬಿಳಿ ಬಣ್ಣವೆಂದು ಅವನು ಕೈಯಾರೆ ಕೊಟ್ಟ ಚುಕ್ಕಿಗಳನ್ನು ಮಾತ್ರ ಅದು ಬಿಳಿಯಾಗಿಯೇ ಬಿಟ್ಟಿತ್ತು. ಕಪ್ಪು ಪುಟದ ಮೇಲೆ ಅವನಿಟ್ಟ ಚುಕ್ಕಿಗಳೆಲ್ಲ ನಕ್ಷತ್ರದ ಹಾಗೆ ಎದ್ದು ನಿಂತಿದ್ದವು.

ತಂಗಿ ನೋಡಿದಳು. "ಚುಕ್ಕಿ ಇಟ್ಟಿದ್ದೀಯ. ಗೆರೆ ಎಳೆಯೋದು ಯಾವಾಗ?"

"ಚುಕ್ಕಿ ಕಾಣುತ್ತಾ?"

"ಚುಕ್ಕಿಯೇ ಕಾಣೋದು. ಅಡುಗೆ ಎಲ್ಲಿದೆ ಹೇಳು. ಗಂಡಿನ ಕಡೆಯವರು ಇದನ್ನು ನೋಡಿದರೆ ಮದುವೆಗೆ ಅಡುಗೆಯವನು ಬೇಡ, ರಂಗೋಲಿಯವನೇ ಸಾಕು ಅಂತಾರೆ. ಹುಣ್ಣಿಮೆ ನಾಳೆ ಅಣ್ಣ. ನನಗೆ ನಗು ಬರ್ತಿದೆ, ಆದರೆ ಆ ಹುಡುಗಿ ಒಳಗೆ ಕೂತು ಮುಖ ಊದಿಸಿಕೊಂಡಿದೆ. ಟೋಪಿಯವರ ಕೈ ಊಟ ಉಂಡು ನಾನು ಗಂಡನ ಮನೆಗೆ ಹೋಗಲ್ಲ ಅಂತಿದೆ."

ಆಗ ಅಡುಗೆಯವನಿಗೆ ಮೊದಲ ಸಲ ಗಾಬರಿಯಾಯಿತು. ಆದರೂ ಬಾಯಲ್ಲಿ, "ಬಾ ನನ್ನ ಜೊತೆ, ಫೋನು ಹಿಡಿದುಕೊಂಡು ಪಕ್ಕದಲ್ಲಿ ಕೂರು. ಈ ಹೊತ್ತು ಸಂಜೆಯೊಳಗೆ ಇದನ್ನು ಇಳಿಸಿಬಿಡ್ತೀನಿ" ಎಂದ. ಅಡುಗೆಯವರ ಮಾತಿನಲ್ಲಿ ಇಳಿಸುವುದೆಂದರೆ ಬೆಂದು ಮುಗಿಯಿತು ಎಂದರ್ಥ.

ಅಣ್ಣ ತಂಗಿ ಇಬ್ಬರೂ ಕಲ್ಯಾಣ ಮಂಟಪಕ್ಕೆ ಬಂದರು. ಅವನು ಕಂಪ್ಯೂಟರಿನ ಮುಂದೆ, ಅವಳು ಪಕ್ಕದ ಸ್ಟೂಲಿನ ಮೇಲೆ. ಅವನು ಯೋಚಿಸಿದ. ಚುಕ್ಕಿಗಳು ಕಾಣುತ್ತಿವೆಯಲ್ಲ, ಅವು ಬೇಕೆಂದೇ ಇಟ್ಟವು ಅನ್ನಿಸಬೇಕು. ಸುತ್ತಲೂ ಒಂದು ಹೂಬಳ್ಳಿಯ ಅಂಚು ಹಾಕಿದರೆ ಚುಕ್ಕಿಗಳೆಲ್ಲ ಅಲಂಕಾರವಾಗುತ್ತವೆ. ಭಲೇ ಎಂದುಕೊಂಡು ಹೂಬಳ್ಳಿಯನ್ನು ಆರಿಸಿ ಒತ್ತಿದ.

ಕಂಪ್ಯೂಟರ್ ಒಪ್ಪಲಿಲ್ಲ. ಒಂದು ಮಾತು ಮೂಡಿತು. ನಿಮ್ಮ ಉಚಿತ ಜಾಗ ತುಂಬಿದೆ. ಏನನ್ನಾದರೂ ಅಳಿಸಿರಿ, ಇಲ್ಲವೇ ಹಣ ಕೊಟ್ಟು ಹೆಚ್ಚಿನ ಜಾಗ ಪಡೆಯಿರಿ.

ಅಡುಗೆಯವ ಸಿಡುಕಿದ. "ಬಿಟ್ಟಿ ಅಂತ ಎಲೆ ಹಾಕಿ ಕೂರಿಸಿ, ಅನ್ನ ಕಲಸಿದ ಮೇಲೆ ದುಡ್ಡು ಕೇಳೋ ಮನೆ ಇದು. ಕೊಡಲ್ಲ."

"ಕೊಡಬೇಡ. ಒಂದು ಚುಕ್ಕಿ ಅಳಿಸು" ಎಂದಳು ತಂಗಿ.

"ಅಳಿಸೋದು ಅಂದರೆ?"

"ಹಾಕಿದ್ದನ್ನು ತೆಗೆಯೋದು."

ಚೆನ್ನವೀರ, ಇಲ್ಲಿ ನೀನು ಆ ಅಡುಗೆಯವನ ಮುಖ ನೋಡಬೇಕಿತ್ತು. ನಾನೂ ನೋಡಿಲ್ಲ, ಆ ಮಾತು ಬೇರೆ. ಅಷ್ಟು ದೊಡ್ಡ ಮನುಷ್ಯ, ಅಷ್ಟು ಕೊಪ್ಪರಿಗೆ ಇಳಿಸಿದವನು, ತನ್ನ ಬಾಳಿನಲ್ಲಿ ಹಾಕಿದ್ದನ್ನು ತೆಗೆದದ್ದೇ ಇಲ್ಲ. ತೆಗೆಯುವುದು ಎಂಬ ಒಂದು ಕೆಲಸ ಈ ಲೋಕದಲ್ಲಿ ಇದೆ ಎಂದೇ ಅವನಿಗೆ ಹೊಳೆದಿರಲಿಲ್ಲ. ಸಾರಿಗೆ ಬಿದ್ದ ಉಪ್ಪನ್ನು ಯಾರಾದರೂ ಹೆಕ್ಕುತ್ತಾರೆಯೇ?

ಬೆರಳು ಇಟ್ಟ. ಒಂದು ಚುಕ್ಕಿ ಅಳಿಸಿದ.

"ಒಂದು ಸಾಲು ನೆಟ್ಟಗಾಯ್ತು" ಎಂದಳು ತಂಗಿ ಫೋನು ನೋಡುತ್ತ.

ಇನ್ನೊಂದು ಅಳಿಸಿದ. "ಹೋಳಿಗೆ ಒಂದಾಗ್ತಾ ಇದೆ."

ಅಡುಗೆಯವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಉಪ್ಪು ತೆಗೆಯಬಹುದಾದ ಸಾರು! ಇಂಥದೊಂದು ಇದೆ ಎಂದು ಅವನ ಗುರುವೂ ಹೇಳಿರಲಿಲ್ಲ, ಗುರುವಿನ ಗುರುವೂ ಹೇಳಿರಲಿಲ್ಲ. ತೆಗೆದ. ಚುಕ್ಕಿಗಳನ್ನೆಲ್ಲ ತೆಗೆದ. ಫೋನು ಅಡ್ಡ ಹಿಡಿಯಿರಿ ಎಂಬ ಕೆಂಪು ಅಕ್ಷರ ತೆಗೆದ. ಪಾಯಸದ ಪಟ ತೆಗೆದ, ಹೋಳಿಗೆಯ ಪಟ ತೆಗೆದ. ಗಣಪತಿಗೆ ಕೈ ಮುಗಿದು ಅವನನ್ನೂ ಕಳಿಸಿಕೊಟ್ಟ. ಜಾಹೀರಾತನ್ನೂ ತೆಗೆಯಲು ಹೋದ. ಬರಲಿಲ್ಲ. "ಅದು ಜಾಗ ಕೊಟ್ಟವನದು, ಬಿಡು" ಎಂದಳು ತಂಗಿ. ಬಿಟ್ಟ.

"ಈಗ?"

"ಎಲ್ಲ ಸರಿ ಇದೆ. ಆದರೆ ಪುಟ ಇನ್ನೂ ಆ ಕಡೆ ಈ ಕಡೆ ತೂಗ್ತಾ ಇದೆ. ತೊಟ್ಟಿಲ ಹಾಗೆ."

ಪುಟದಲ್ಲಿ ಉಳಿದಿದ್ದದ್ದು ಶಾಲಿನ ಪಟ, ಹೆಸರು, ನಂಬರು, ಅಡುಗೆಗಳು. ಅಡುಗೆಯವ ಹೆಸರನ್ನು ಸ್ವಲ್ಪ ಸರಿಸಿದ. ತೂಗಿತು. ನಂಬರನ್ನು ಕೆಳಗಿಳಿಸಿದ. ತೂಗಿತು. ಎದ್ದು ಹೋಗಿ ಮಜ್ಜಿಗೆ ಕುಡಿದು ಬಂದ. ಅದು ಯಾವುದರಿಂದ ತೂಗುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತು. ಗೊತ್ತಾದದ್ದರಿಂದಲೇ ಮಜ್ಜಿಗೆ ಕುಡಿಯಲು ಹೋಗಿದ್ದ.

"ಈ ಪಟವೊಂದು ಇರಲಿ" ಎಂದ. "ಇದು ನಾನು ಮೊದಲು ಹಾಕಿದ್ದು."

"ಅಣ್ಣ, ಆ ಶಾಲು ನಾನೇ ಕೊಂಡು ತಂದದ್ದು. ಸಂಘದವರ ಕೈಗೆ ಕೊಟ್ಟದ್ದೂ ನಾನೇ. ಈಗ ನಮ್ಮ ಬೀರುವಿನಲ್ಲಿದೆ. ಬೇಕಾದರೆ ತಂದು ಇಲ್ಲೇ ಹೊದಿಸ್ತೀನಿ, ಆ ಪಟ ತೆಗೆ."

ಅಡುಗೆಯವ ಕಣ್ಣು ಮುಚ್ಚಿಕೊಂಡು ಒತ್ತಿದ. ಖಜಾಂಚಿ ಹೋದ, ಕಾರ್ಯದರ್ಶಿ ಹೋದ, ಶಾಲು ಪೇಟ ಸೌಟಿನ ಸಮೇತ ಅವನೂ ಹೋದ.

ಪುಟ ನಿಂತಿತು. ತಂಗಿ ಫೋನನ್ನು ಅವನ ಕೈಗೆ ಕೊಟ್ಟಳು. ನೆಟ್ಟಗೆ ಹಿಡಿದರೂ ಸರಿಯಾಗಿತ್ತು, ಅಡ್ಡ ಹಿಡಿದರೂ ಸರಿಯಾಗಿತ್ತು.

ಹುಣ್ಣಿಮೆಯ ದಿನ ಗಂಡಿನ ತಂದೆ ಮನೆಯವರೊಂದಿಗೆ ಕೂತು ನೋಡಿದ. ನೋಡಿ ಫೋನು ಮಾಡಿದ.

"ಏನು ಬೀಗರೇ, ಇದರಲ್ಲಿ ಏನೂ ಇಲ್ಲವಲ್ಲ! ಕ್ಯಾಟರಿಂಗ್‌ನವರದು ತೆರೆದರೆ ಹೂವು ಉದುರುತ್ತೆ, ಸಂಗೀತ ಬರುತ್ತೆ. ನಿಮ್ಮದರಲ್ಲಿ ಒಂದು ಹೆಸರು, ಒಂದು ನಂಬರು, ಸಾರು, ಹೋಳಿಗೆ ಅಂತ ನಾಲ್ಕು ಮಾತು."

ಹಿಂದಿನ ವಾರವಾಗಿದ್ದರೆ ಅಡುಗೆಯವ ಆ ಹೊತ್ತೇ ಹೂವನ್ನೂ ಸಂಗೀತವನ್ನೂ ಸೇರಿಸುವ ಯೋಚನೆ ಮಾಡುತ್ತಿದ್ದ. ಈಗ ಅವನ ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ.

"ಎಲೆ ತೊಳೆದು ಹಾಸಿದ್ದೀನಿ ಬೀಗರೇ. ಬಡಿಸೋ ಮುಂಚೆ ಎಲೆ ಖಾಲಿಯಾಗೇ ಇರಬೇಕು. ಭಾನುವಾರ ಮನೆಮಂದಿಯೆಲ್ಲ ಬನ್ನಿ. ಉಂಡು ನೋಡಿ, ಹಿಡಿಸದಿದ್ದರೆ ಟೋಪಿಯವರನ್ನೇ ಕರೆಯಿರಿ, ಬಂದು ನಾನೇ ಅವರ ಹತ್ತಿರ ಬಡಿಸಿಕೊಂಡು ಉಣ್ತೀನಿ."

ಬಂದರು. ಕೂತರು. ಗಂಡಿನ ಅಜ್ಜಿ ಎರಡನೆಯ ಸಲ ಸಾರು ಹಾಕಿಸಿಕೊಂಡಳು. ಮೂರನೆಯ ಸಲ ಎಲೆಯಿಂದ ಕೈ ಎತ್ತದೆ ಮಗನಿಗೆ ಹೇಳಿದಳು:

"ಲೋ, ಮದುವೆಗೆ ಟೋಪಿಯವರನ್ನು ಕರೆಸಿದರೆ ನನ್ನನ್ನು ಕರೀಬೇಡ."

ಸೋದರಮಾವ ತೊಟ್ಟಿಲ ಮುಂದೆ ಹೇಳಿದ ಮಾತು ಉಳಿಯಿತು. ಮದುವೆಯ ಒಲೆ ಅವನೇ ಹೊತ್ತಿಸಿದ. ಮದುಮಗಳು ಗಂಡನ ಮನೆಗೆ ಹೊರಟಾಗ ಅತ್ತಳು ಎನ್ನುತ್ತಾರೆ. ಹೊಟ್ಟೆ ತುಂಬಿ ಉಸಿರಾಡಲಾಗದೆ ಅತ್ತಳು ಎಂದು ನಾನು ಹೇಳುತ್ತೇನೆ.

ಇಲ್ಲಿಗೆ ಗುರುಗಳು ನಿಲ್ಲಿಸಿದರು.

ಚೆನ್ನವೀರನ ಮುಖ ಅರಳಿತು.

"ತಿಳಿಯಿತು ಗುರುವೇ. ಇವತ್ತಿನಿಂದ ವ್ರತಗಳನ್ನೆಲ್ಲ ಬಿಟ್ಟೆ. ಏನನ್ನೂ ಹಿಡಿಯುವುದಿಲ್ಲ ಎಂದು ನಿಮ್ಮ ಪಾದದ ಮುಂದೆ ಸಂಕಲ್ಪ ಮಾಡುತ್ತೇನೆ."

"ನೋಡು, ಇನ್ನೊಂದು ಚುಕ್ಕಿ ಇಟ್ಟೆ" ಎಂದರು ಗುರುಗಳು.

ಚೆನ್ನವೀರನ ಹುಬ್ಬು ಗಂಟಿಕ್ಕಿತು. ಸಿಟ್ಟು ಮೂಗಿನವರೆಗೆ ಬಂದದ್ದು ಗುರುಗಳಿಗೂ ಕಂಡಿತು. ಅವನು ಅದನ್ನು ನುಂಗಿಕೊಂಡು ಕೇಳಿದ: "ಹಾಗಾದರೆ ಮಠದಲ್ಲಿ ಉಳಿಯಬೇಕಾದರೆ ನಾನು ಯಾವುದನ್ನು ತೆಗೆಯಬೇಕು, ಅದನ್ನಾದರೂ ಹೇಳಿ."

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ಅಡುಗೆಯವ ಮೊದಲು ಹಾಕಿದ್ದು ಶಾಲಿನ ಪಟ. ನೀನು ಮೊದಲ ಉಪವಾಸ ಹಿಡಿದ ದಿನ, ನೀನು ಊಟ ಬಿಟ್ಟದ್ದನ್ನು ಯಾರು ನೋಡಲೆಂದು ಕಾಯುತ್ತಿದ್ದೆ?"